ಟ್ರೇಲರ್ ಎಳೆಯಲು ಯಾವ ಬ್ರೇಕ್ ಕಂಟ್ರೋಲರ್ ಹಾಕಿಸಬೇಕು?

ಮೂರೂವರೆ ಸಾವಿರ ಪೌಂಡಿನ ಟ್ರೇಲರ್ ಕಟ್ಟಿಕೊಂಡು ಘಾಟಿ ಇಳಿಯುವಾಗ ಕಾರಿನ ಬ್ರೇಕ್ ಒಂದನ್ನೇ ನಂಬಬಾರದು. ಮಂಡ್ಯದ ಕಡೆ ಕಬ್ಬು ತುಂಬಿದ ಟ್ರೇಲರ್ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ಹಿಂದಿನಿಂದ ನೂಕಿಕೊಂಡು ಬರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇರುವುದಿಲ್ಲ. ಇಲ್ಲಿ ಅಮೆರಿಕದಲ್ಲಿ ಮಾರುವ ಟ್ರಾವೆಲ್ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಚಕ್ರದೊಳಗೇ ಎಲೆಕ್ಟ್ರಿಕ್ ಬ್ರೇಕ್ ಇರುತ್ತದೆ. ಆದರೆ ಅದು ತಾನಾಗಿ ಹಿಡಿಯುವುದಿಲ್ಲ. ಕಾರು ನಿಲ್ಲುತ್ತಿದೆ, ನೀನೂ ಇಷ್ಟು ಜೋರಾಗಿ ನಿಲ್ಲು ಎಂದು ಅದಕ್ಕೆ ಯಾರಾದರೂ ಹೇಳಬೇಕು. ಹಾಗೆ ಹೇಳುವ ಸಾಧನವೇ ಬ್ರೇಕ್ ಕಂಟ್ರೋಲರ್.

ಊರಿನಿಂದ ಅಪ್ಪ ಅಮ್ಮ ಬಂದಾಗ ಯೊಸೆಮಿಟಿಗೋ ಗ್ರ್ಯಾಂಡ್ ಕ್ಯಾನಿಯನ್‌ಗೋ ಕರೆದುಕೊಂಡು ಹೋಗಲು ಟ್ರೇಲರ್ ಬಹಳ ಅನುಕೂಲ. ಅಡುಗೆಮನೆ, ಬಚ್ಚಲು, ಮಂಚ ಎಲ್ಲ ಜೊತೆಗೇ ಬರುತ್ತದೆ. ಹೈಲ್ಯಾಂಡರ್, ಪೈಲಟ್, ಒಡಿಸ್ಸಿಯಂತಹ ಕಾರು ಇಟ್ಟುಕೊಂಡ ಸ್ನೇಹಿತರು ನನ್ನ ಹತ್ತಿರ ಈ ಬಗ್ಗೆ ಕೇಳುತ್ತಲೇ ಇರುತ್ತಾರೆ. ಟ್ರೇಲರ್ ಆರಿಸಲು ತಿಂಗಳುಗಟ್ಟಲೆ ಹುಡುಕುತ್ತಾರೆ. ಒಳಗಿನ ಸೋಫಾ ಬಣ್ಣದ ಬಗ್ಗೆ ಮನೆಯಲ್ಲಿ ಚರ್ಚೆ ನಡೆಯುತ್ತದೆ. ಕಂಟ್ರೋಲರ್ ಮಾತ್ರ ಕೊನೆಯ ದಿನ ಅಂಗಡಿಯವರು ಕೊಟ್ಟದ್ದನ್ನೇ ಹಾಕಿಸಿಕೊಂಡು ಬರುತ್ತಾರೆ. ಮನೆಮಂದಿಯ ಜೀವ ಅದರ ಮೇಲೆ ನಿಂತಿರುತ್ತದೆ ಎನ್ನುವುದು ನನಗೆ ತುಂಬಾ ಮುಖ್ಯ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು ಟ್ರೇಲರ್ ಕೆಳಗೆ ಬಗ್ಗಿ ನೋಡಿ

ಎಲ್ಲ ಟ್ರೇಲರ್‌ಗೂ ಕಂಟ್ರೋಲರ್ ಬೇಕಾಗುವುದಿಲ್ಲ. ದೋಣಿ ಸಾಗಿಸುವ ಬಹಳಷ್ಟು ಟ್ರೇಲರ್‌ಗಳಲ್ಲಿ ಸರ್ಜ್ ಬ್ರೇಕ್ ಇರುತ್ತದೆ. ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದಲ್ವಾ, ಆ ಒತ್ತಡದಿಂದಲೇ ಹಿಚ್ (ಕಾರಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಹತ್ತಿರದ ಸಿಲಿಂಡರ್ ಕೆಲಸ ಮಾಡಿ ಬ್ರೇಕ್ ಹಿಡಿಯುತ್ತದೆ. ಯು-ಹಾಲ್‌ನಲ್ಲಿ ಬಾಡಿಗೆಗೆ ಸಿಗುವ ಕಾರು ಸಾಗಿಸುವ ಟ್ರೇಲರ್ ಕೂಡ ಇದೇ ತರಹದ್ದು. ಇವಕ್ಕೆ ಕಾರಿನೊಳಗೆ ಏನೂ ಬೇಡ. ಇನ್ನು ಕೆಲವು ದೊಡ್ಡ ಟ್ರೇಲರ್‌ಗಳಲ್ಲಿ ವಿದ್ಯುತ್ ಸಂಕೇತ ಬಂದು ಹೈಡ್ರಾಲಿಕ್ ಪಂಪ್ ಓಡುವ ಡಿಸ್ಕ್ ಬ್ರೇಕ್ ಇರುತ್ತದೆ. ಅದಕ್ಕೆ ಕಂಟ್ರೋಲರ್ ಬೇಕು, ಆದರೆ ಎಲ್ಲ ಕಂಟ್ರೋಲರೂ ಆಗುವುದಿಲ್ಲ. ಟೆಕಾನ್ಶಾ ಕಂಪನಿಯ ಪ್ರಾಡಿಜಿ ಪಿ3 ಎಂಬ ಕಂಟ್ರೋಲರಿನಲ್ಲಿ ಅದಕ್ಕೆಂದೇ ಬೇರೆ ಮೋಡ್ ಇದೆ. ಬೇರೆ ಮಾಡೆಲ್ ಆದರೆ ಕೊಳ್ಳುವ ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ಉಳಿದದ್ದು ಸಾಮಾನ್ಯ ಟ್ರಾವೆಲ್ ಟ್ರೇಲರಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕ್. ಡ್ರಮ್ಮಿನೊಳಗೆ ಒಂದು ಮ್ಯಾಗ್ನೆಟ್ ಇರುತ್ತದೆ. ವಿದ್ಯುತ್ ಹರಿದಾಗ ಅದು ತಿರುಗುತ್ತಿರುವ ಡ್ರಮ್ಮಿನ ಮುಖಕ್ಕೆ ಅಂಟಿಕೊಳ್ಳುತ್ತದೆ. ಡ್ರಮ್ ಅದನ್ನು ತನ್ನ ಜೊತೆ ಸ್ವಲ್ಪ ಎಳೆಯುತ್ತದೆ. ಆ ಎಳೆತಕ್ಕೆ ಒಂದು ಸಣ್ಣ ತೋಳು ತಿರುಗಿ ಬ್ರೇಕ್ ಶೂಗಳನ್ನು ಹೊರಕ್ಕೆ ಒತ್ತುತ್ತದೆ. ಒಂದೊಂದು ಮ್ಯಾಗ್ನೆಟ್ಟೂ ಪೂರ್ತಿ ಹಿಡಿದಾಗ ಸುಮಾರು 3 ಆಂಪಿಯರ್ ಎಳೆಯುತ್ತದೆ. ಎರಡು ಆ್ಯಕ್ಸಲ್ ಇದ್ದರೆ ನಾಲ್ಕು ಚಕ್ರ, ಅಂದರೆ ಸುಮಾರು 12 ಆಂಪಿಯರ್. ಜಾಸ್ತಿ ಕರೆಂಟ್ ಹೋದರೆ ಜಾಸ್ತಿ ಬ್ರೇಕ್, ಕಡಿಮೆ ಹೋದರೆ ಕಡಿಮೆ. ಆ ಕರೆಂಟನ್ನು ಯಾವಾಗ, ಎಷ್ಟು ಕಳಿಸಬೇಕು ಎಂದು ತೀರ್ಮಾನಿಸುವ ರೀತಿಯಲ್ಲೇ ಒಂದು ಕಂಟ್ರೋಲರಿಗೂ ಇನ್ನೊಂದಕ್ಕೂ ವ್ಯತ್ಯಾಸ.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್ ಟ್ರೇಲರಿನ ಒಟ್ಟು ತೂಕ 1,500 ಪೌಂಡ್ ಮುಟ್ಟಿದರೆ ಬ್ರೇಕ್ ಇರಲೇಬೇಕು. ಟೆಕ್ಸಸ್‌ನಲ್ಲಿ ಆ ಗಡಿ 4,500 ಪೌಂಡ್. ಹಲವು ರಾಜ್ಯಗಳಲ್ಲಿ 3,000. ಆದರೆ ಕಾನೂನಿಗಿಂತ ನಿಮ್ಮ ಕಾರಿನ ಕೈಪಿಡಿಯನ್ನು ನೋಡುವುದು ಒಳ್ಳೆಯದು. ಟೊಯೋಟಾ, ಹೋಂಡಾ ಕೈಪಿಡಿಗಳು 1,000 ಪೌಂಡ್ ದಾಟಿದರೇ ಟ್ರೇಲರಿಗೆ ಬ್ರೇಕ್ ಇರಲಿ ಎನ್ನುತ್ತವೆ. ಟೆಕ್ಸಸ್‌ನಲ್ಲಿ ಇದ್ದೀರಿ ಎಂದು 4,000 ಪೌಂಡಿನ ಟ್ರೇಲರನ್ನು ಬ್ರೇಕ್ ಇಲ್ಲದೆ ಎಳೆಯಬೇಡಿ.

ಟೈಮರ್ ಮೇಲೆ ಓಡುವುದೋ, ಸೆನ್ಸರ್ ಮೇಲೆ ಓಡುವುದೋ

ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಉಳಿದದ್ದೆಲ್ಲ ಇದರ ನಂತರ.

ಟೈಮ್-ಡಿಲೇಡ್ ಎನ್ನುವ ಅಗ್ಗದ ಕಂಟ್ರೋಲರ್‌ಗಳಿಗೆ ನೀವು ಎಷ್ಟು ಜೋರಾಗಿ ಬ್ರೇಕ್ ಒತ್ತಿದ್ದೀರಿ ಎನ್ನುವುದು ಗೊತ್ತಾಗುವುದಿಲ್ಲ. ಕಾರಿನ ಬ್ರೇಕ್ ಲೈಟ್ ಹತ್ತಿತು ಎಂಬುದಷ್ಟೇ ಗೊತ್ತಾಗುತ್ತದೆ. ಅಲ್ಲಿಂದ ಗಡಿಯಾರ ಶುರು. ನೀವು ಮೊದಲೇ ಹೊಂದಿಸಿದ ಮಟ್ಟದವರೆಗೆ ನಿಧಾನವಾಗಿ ಕರೆಂಟ್ ಏರಿಸುತ್ತಾ ಹೋಗುತ್ತದೆ. ಕರ್ಟ್ ವೆಂಚರರ್, ಹಾಪ್ಕಿನ್ಸ್ ಇಂಪಲ್ಸ್ ಈ ಜಾತಿಯವು. ಇವುಗಳಲ್ಲಿ ಅಲುಗಾಡುವ, ಅಳೆಯುವ ಭಾಗಗಳೇ ಇಲ್ಲ. ಅದಕ್ಕೇ ಯಾವ ಕೋನದಲ್ಲಿ ಬೇಕಾದರೂ ಸಿಕ್ಕಿಸಬಹುದು, ಬೆಲೆಯೂ ಕಡಿಮೆ.

ಪ್ರಪೋರ್ಷನಲ್ ಕಂಟ್ರೋಲರ್ ಒಳಗೆ ಕಾರಿನ ವೇಗ ಎಷ್ಟು ಬೇಗ ಇಳಿಯುತ್ತಿದೆ ಎಂದು ಅಳೆಯುವ ಸೆನ್ಸರ್ ಇರುತ್ತದೆ. ಕಾರು ಮೆಲ್ಲಗೆ ನಿಂತರೆ ಟ್ರೇಲರ್ ಮೆಲ್ಲಗೆ, ಕಾರು ಗಕ್ಕನೆ ನಿಂತರೆ ಟ್ರೇಲರೂ ಗಕ್ಕನೆ.

ರಸ್ತೆಯಲ್ಲಿ ಇದರ ವ್ಯತ್ಯಾಸ ಹೇಗಿರುತ್ತದೆ ನೋಡಿ. ಗಂಟೆಗೆ 60 ಮೈಲಿ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 88 ಅಡಿ ಓಡುತ್ತದೆ. ಮುಂದಿನ ಲಾರಿ ಇದ್ದಕ್ಕಿದ್ದಂತೆ ನಿಂತಿತು, ನೀವು ಪೆಡಲನ್ನು ನೆಲಕ್ಕೆ ಒತ್ತಿದಿರಿ. ಟೈಮರ್ ಕಂಟ್ರೋಲರ್ ಇನ್ನೂ ಮೆಟ್ಟಿಲು ಹತ್ತುತ್ತಿರುತ್ತದೆ. ಪೂರ್ತಿ ಬ್ರೇಕ್ ಬೇಕಾದ ಮೊದಲ ಸೆಕೆಂಡಿನಲ್ಲೇ ಟ್ರೇಲರ್ ಅರೆಬರೆ ಹಿಡಿದು ನಿಮ್ಮನ್ನು ಹಿಂದಿನಿಂದ ನೂಕುತ್ತದೆ. ಇನ್ನೊಂದು ಕಡೆ, ಸಂಜೆಯ ಟ್ರಾಫಿಕ್‌ನಲ್ಲಿ ಸುಮ್ನೆ ಪೆಡಲ್ ಮೇಲೆ ಕಾಲಿಟ್ಟು ತೆವಳುತ್ತಿರುತ್ತೀರಿ. ಬ್ರೇಕ್ ಲೈಟ್ ಹತ್ತಿಯೇ ಇರುವುದರಿಂದ ಟೈಮರ್ ಪೂರ್ತಿ ಮಟ್ಟಕ್ಕೆ ಏರಿ ಟ್ರೇಲರ್ ಚಕ್ರವನ್ನು ಕಚ್ಚಿ ಹಿಡಿಯುತ್ತದೆ. ಒಳಗೆ ಕೂತವರ ತಲೆ ಮುಂದಕ್ಕೆ ಹಿಂದಕ್ಕೆ ಆಡುತ್ತದೆ. ಜೋರು ಬೇಕಾದಾಗ ಕಡಿಮೆ, ಕಡಿಮೆ ಬೇಕಾದಾಗ ಜೋರು. ಒಂದೇ ಮಟ್ಟದ ಸೆಟ್ಟಿಂಗ್‌ನಲ್ಲಿ ಎರಡನ್ನೂ ಸರಿ ಮಾಡಲು ಆಗುವುದಿಲ್ಲ.

ಎಲೆಕ್ಟ್ರಿಕ್ ಕಾರು ಇರುವವರು ಇನ್ನೊಂದು ವಿಷಯ ಗಮನಿಸಿ. ಟೆಸ್ಲಾ ಮಾಡೆಲ್ ವೈನಂತಹ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಕಾರು ನಿಧಾನವಾಗಿ, ಬ್ರೇಕ್ ಲೈಟ್ ಹತ್ತುತ್ತದೆ. ಟೈಮರ್ ಕಂಟ್ರೋಲರಿಗೆ ಅಷ್ಟು ಸಾಕು, ಉದ್ದ ಇಳಿಜಾರಿನುದ್ದಕ್ಕೂ ಟ್ರೇಲರಿನ ಬ್ರೇಕ್ ಹಿಡಿದೇ ಇಟ್ಟು ಡ್ರಮ್ ಕಾಯಿಸುತ್ತದೆ.

ಒಂದು ಟೈಮರ್ ಕಂಟ್ರೋಲರಿಗೂ ಒಂದು ಸಾಧಾರಣ ಪ್ರಪೋರ್ಷನಲ್‌ಗೂ ಇರುವ ಬೆಲೆಯ ವ್ಯತ್ಯಾಸ ಒಂದು ಟ್ಯಾಂಕ್ ಪೆಟ್ರೋಲಿನಷ್ಟು. ಅದನ್ನು ಉಳಿಸಬೇಡಿ. ಮನೆಯಿಂದ ಒಂದೆರಡು ಮೈಲಿ ಹುಲ್ಲು ಕತ್ತರಿಸುವ ಯಂತ್ರ ಸಾಗಿಸುವ ಸಣ್ಣ ಟ್ರೇಲರ್ ಆದರೆ ಟೈಮರ್ ಸಾಕು. ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗುವವರಿಗೆ ಅದು ಬೇಡ.

ಪ್ರಪೋರ್ಷನಲ್ ಒಳಗೇ ಯಾವುದು?

ಹಳೆಯ ಟೆಕಾನ್ಶಾ ವಾಯೇಜರ್‌ನಂತಹವು ಲೋಲಕದ ಮೇಲೆ ಕೆಲಸ ಮಾಡುತ್ತವೆ. ಕಾರು ಸಮತಟ್ಟಾದ ಜಾಗದಲ್ಲಿ ನಿಂತಾಗ ಕೈಯಿಂದ ಲೆವೆಲ್ ಹೊಂದಿಸಬೇಕು. ಇಳಿಜಾರಿನಲ್ಲಿ ಕಾರಿನ ಮೂತಿ ಬಾಗಿದರೆ ಲೋಲಕವೂ ಮುಂದಕ್ಕೆ ವಾಲಿ ಬ್ರೇಕ್ ಜಾಸ್ತಿ ಹಿಡಿಯುತ್ತದೆ, ಏರಿನಲ್ಲಿ ಕಡಿಮೆ. ಇದಕ್ಕೆ ಒಗ್ಗಿಕೊಂಡವರು ವರ್ಷಾನುಗಟ್ಟಲೆ ನೆಮ್ಮದಿಯಾಗಿ ಓಡಿಸುತ್ತಾರೆ. ಹೊಸದಾಗಿ ಕೊಳ್ಳುವವರಿಗೆ ಬೇಕಿಲ್ಲ.

ಈಗಿನ ಟೆಕಾನ್ಶಾ ಪ್ರೈಮಸ್ ಐಕ್ಯೂ, ಪ್ರಾಡಿಜಿ ಪಿ2, ಪಿ3, ಕರ್ಟ್ ಟ್ರೈಫ್ಲೆಕ್ಸ್ ಇವೆಲ್ಲ ಎಲೆಕ್ಟ್ರಾನಿಕ್ ಸೆನ್ಸರಿನವು, ಲೆವೆಲನ್ನು ತಾವೇ ನೋಡಿಕೊಳ್ಳುತ್ತವೆ. ಪ್ರೈಮಸ್ ಐಕ್ಯೂ ಮೂರು ಆ್ಯಕ್ಸಲ್‌ವರೆಗೆ ಸಾಕು. ಒಂದು ಅಥವಾ ಎರಡು ಆ್ಯಕ್ಸಲಿನ ಟ್ರೇಲರ್ ಎಳೆಯುವ ಕುಟುಂಬಕ್ಕೆ ನಾನು ಮೊದಲು ಹೇಳುವ ಹೆಸರು ಇದೇ. ನೂರು ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ, ತೋರಿಸಬೇಕಾದ್ದನ್ನು ತೋರಿಸುತ್ತದೆ.

ಪಿ3ಗೆ ಜಾಸ್ತಿ ಕೊಡುವ ದುಡ್ಡು ಅದರ ದೊಡ್ಡ ಪರದೆಗೆ, ಹಲವು ಟ್ರೇಲರ್‌ಗಳ ಸೆಟ್ಟಿಂಗ್ ನೆನಪಿಟ್ಟುಕೊಳ್ಳುವುದಕ್ಕೆ ಮತ್ತು ಹೈಡ್ರಾಲಿಕ್ ಮೋಡಿಗೆ. ಗಂಡ ಹೆಂಡತಿ ಇಬ್ಬರೂ ಓಡಿಸುತ್ತೀರಿ, ಅಥವಾ ಟ್ರಾವೆಲ್ ಟ್ರೇಲರೂ ಬೇರೊಂದು ಟ್ರೇಲರೂ ಇದೆ ಎಂದರೆ ಅದಕ್ಕೆ ಬೆಲೆ ಉಂಟು. ವೈರ್ ಎಲ್ಲೋ ಕೆಟ್ಟರೆ ಏನಾಗಿದೆ ಎಂದು ಅಕ್ಷರದಲ್ಲಿ ಬರೆದು ತೋರಿಸುತ್ತದೆ. ಹೊಸಬರಿಗೆ ಇದು ಸಣ್ಣ ಸಹಾಯವಲ್ಲ.

ಇವೆಲ್ಲದರ ಒಂದು ತೊಂದರೆ ಎಂದರೆ ಡಬ್ಬಿ ಸ್ಟಿಯರಿಂಗ್ ಕೆಳಗೆ ಮೊಣಕಾಲಿಗೆ ತಾಗುವಂತೆ ನಿಂತಿರುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್‌ನ ರೆಡಾರ್ಕ್ ಕಂಪನಿಯ ಟೋ-ಪ್ರೋ ಎಲೀಟ್ ಇದಕ್ಕೆ ಬೇರೆ ದಾರಿ ಹಿಡಿದಿದೆ. ಮುಖ್ಯ ಡಬ್ಬಿಯನ್ನು ಡ್ಯಾಶ್‌ಬೋರ್ಡ್ ಒಳಗೆ ಯಾವ ಕೋನದಲ್ಲಾದರೂ ಅಡಗಿಸಿಡಬಹುದು. ಹೊರಗೆ ಕಾಣುವುದು ಒಂದು ತಿರುಗಣೆ ಮಾತ್ರ. ತಿರುಗಿಸಿದರೆ ಗೇನ್ (ಟ್ರೇಲರಿನ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಎನ್ನುವ ಮಟ್ಟ) ಬದಲಾಗುತ್ತದೆ, ಒತ್ತಿದರೆ ಟ್ರೇಲರಿನ ಬ್ರೇಕ್. ಮೊದಲ ಸಲ ಓಡಿಸುವಾಗ ಕೆಲವು ಬಾರಿ ಬ್ರೇಕ್ ಹಾಕಿದ ಮೇಲೆ ತಾನು ಯಾವ ದಿಕ್ಕಿಗೆ ಕೂತಿದ್ದೇನೆಂದು ತಾನೇ ಕಲಿತುಕೊಳ್ಳುತ್ತದೆ. ಮಣ್ಣು ರಸ್ತೆಗೆಂದು ಬೇರೆ ಮೋಡ್ ಇದೆ. ಕಲ್ಲು ಮಣ್ಣಿನ ಇಳಿಜಾರಿನಲ್ಲಿ ತೆವಳುವಾಗ ವೇಗವೇ ಇರುವುದಿಲ್ಲ, ಹಾಗಾಗಿ ವೇಗ ಇಳಿಯುವುದನ್ನು ಅಳೆಯುವ ಸೆನ್ಸರಿಗೆ ಅಳೆಯಲು ಏನೂ ಸಿಗುವುದಿಲ್ಲ. ಆಗ ಈ ಮೋಡ್‌ನಲ್ಲಿ ನೀವು ಹೇಳಿದಷ್ಟು ಬ್ರೇಕ್ ಹಿಡಿಯುತ್ತದೆ. ಬೆಲೆ ಪ್ರೈಮಸ್‌ಗಿಂತ ಎರಡು ಪಟ್ಟು ಮೇಲೆ. ಟಾರು ರಸ್ತೆ ಬಿಟ್ಟು ಇಳಿಯದವರಿಗೆ ಅಷ್ಟು ಖರ್ಚಿನ ಅಗತ್ಯ ಕಾಣಿಸುವುದಿಲ್ಲ. ಮೊಣಕಾಲಿಗೆ ಜಾಗ ಬೇಕೇ ಬೇಕು ಎನ್ನುವ ಎತ್ತರದವರಿಗೆ ಸರಿ.

ವೈರಿಂಗ್ ಇಲ್ಲದ ಕಾರು, ಲೀಸ್ ಕಾರು

ಕಂಟ್ರೋಲರಿಗೆ ನಾಲ್ಕು ವೈರ್: ಬ್ಯಾಟರಿಯಿಂದ ಕಪ್ಪು, ಗ್ರೌಂಡಿಗೆ ಬಿಳಿ, ಬ್ರೇಕ್ ಲೈಟ್ ಸ್ವಿಚ್ಚಿನಿಂದ ಕೆಂಪು, ಟ್ರೇಲರಿಗೆ ಹೋಗುವ ನೀಲಿ. ಕಾರಿನ ಹಿಂದೆ ಏಳು ಪಿನ್ನಿನ ದುಂಡು ಕನೆಕ್ಟರ್ ಬೇಕು. ನಾಲ್ಕು ಪಿನ್ನಿನ ಚಪ್ಪಟೆ ಕನೆಕ್ಟರಿನಲ್ಲಿ ದೀಪ ಮಾತ್ರ ಉರಿಯುತ್ತದೆ, ಬ್ರೇಕಿಗೆ ವೈರೇ ಇಲ್ಲ. ಪಿಕಪ್ ಟ್ರಕ್ಕುಗಳಲ್ಲಿ ಟೋ ಪ್ಯಾಕೇಜ್ (ಟ್ರೇಲರ್ ಎಳೆಯಲೆಂದು ಕಾರ್ಖಾನೆಯಲ್ಲೇ ಮಾಡಿಕೊಡುವ ಏರ್ಪಾಡು) ಇದ್ದರೆ ಡ್ಯಾಶ್‌ಬೋರ್ಡ್ ಕೆಳಗೆ ಪ್ಲಗ್ ತಯಾರಿರುತ್ತದೆ. ಆ ಮಾಡೆಲಿಗೆಂದೇ ಸಿಗುವ ಹಾರ್ನೆಸ್ (ಪ್ಲಗ್ ಸಮೇತ ಸಿದ್ಧವಾಗಿ ಬರುವ ವೈರ್ ಕಟ್ಟು) ಕೊಂಡರೆ ಕತ್ತರಿ ಮುಟ್ಟುವ ಕೆಲಸವೇ ಇಲ್ಲ. ಎಸ್‌ಯುವಿ, ಮಿನಿವ್ಯಾನ್‌ಗಳಲ್ಲಿ ಬಹಳ ಸಲ ಬ್ಯಾಟರಿಯಿಂದ ಹಿಂದಿನ ಬಂಪರಿನವರೆಗೆ ಹೊಸ ವೈರ್ ಎಳೆಯಬೇಕು. ಆ ಕೂಲಿ ಕಂಟ್ರೋಲರಿನ ಬೆಲೆಯನ್ನೇ ಮೀರಬಹುದು. ಹಾಗಾಗಿ ಬೆಲೆ ಹೋಲಿಸುವಾಗ ಡಬ್ಬಿಯ ಬೆಲೆ ಒಂದನ್ನೇ ನೋಡಬೇಡಿ. ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ. ಎರಡು ಆ್ಯಕ್ಸಲ್‌ವರೆಗೆ 20 ಆಂಪಿಯರಿನ ಸರ್ಕ್ಯೂಟ್ ಬ್ರೇಕರ್, ಮೂರಕ್ಕೆ 30 ಆಂಪಿಯರಿನದು ಹಾಕಿದ್ದಾರೆಯೇ ನೋಡಿ.

ಲೀಸ್ ಕಾರಿನ ಡ್ಯಾಶ್‌ಬೋರ್ಡ್ ಕೊರೆಯಲು ಆಗುವುದಿಲ್ಲ. ಅಂಥವರಿಗೆ ವೈರ್‌ಲೆಸ್ ಉಂಟು. ಕರ್ಟ್ ಎಕೋ ಕಾರಿನ ಏಳು ಪಿನ್ನಿನ ಕನೆಕ್ಟರಿಗೂ ಟ್ರೇಲರಿನ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಸಣ್ಣ ಡಬ್ಬಿ. ಬ್ಲೂಟೂತ್ ಮೂಲಕ ಫೋನಿನ ಆ್ಯಪ್‌ನಲ್ಲಿ ಹೊಂದಿಸಬೇಕು. ಫೋನ್ ಕೈಕೊಟ್ಟರೂ ಕೊನೆಯ ಸೆಟ್ಟಿಂಗಿನಲ್ಲೇ ಬ್ರೇಕ್ ಹಿಡಿಯುತ್ತದೆ. ಟೆಕಾನ್ಶಾ ಪ್ರಾಡಿಜಿ ಆರ್‌ಎಫ್‌ನಲ್ಲಿ ಡಬ್ಬಿಯನ್ನು ಟ್ರೇಲರಿಗೇ ಕಟ್ಟುತ್ತಾರೆ, ಕಾರಿನ 12 ವೋಲ್ಟ್ ಸಾಕೆಟ್ಟಿನಿಂದ ಓಡುವ ರಿಮೋಟ್ ಕೈಗೆ ಸಿಗುವಂತೆ ಇಡಬಹುದು. ಎರಡರಲ್ಲಿ ನನ್ನ ಒಲವು ಆರ್‌ಎಫ್ ಕಡೆ. ಕಾರಣ ಮುಂದೆ ಹೇಳುತ್ತೇನೆ.

ದೊಡ್ಡ ಪಿಕಪ್ ಕೊಳ್ಳುವ ಯೋಚನೆಯಲ್ಲಿದ್ದರೆ ಕಾರ್ಖಾನೆಯಲ್ಲೇ ಕೂರಿಸಿದ ಕಂಟ್ರೋಲರ್ ಇರುವುದನ್ನೇ ಆರಿಸಿ. ಫೋರ್ಡ್ 2005ರ ಸೂಪರ್ ಡ್ಯೂಟಿಯಿಂದಲೇ ಇದನ್ನು ಕೊಡುತ್ತಾ ಬಂದಿದೆ. ಶೆವರ್ಲೆ, ರ‍್ಯಾಮ್ ಟ್ರಕ್ಕುಗಳಲ್ಲೂ ಸಿಗುತ್ತದೆ. ಇದು ಕಾರಿನ ಬ್ರೇಕ್ ವ್ಯವಸ್ಥೆಯ ಜೊತೆಗೇ ಮಾತಾಡಿಕೊಂಡು ಕೆಲಸ ಮಾಡುತ್ತದೆ. ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿದೆಯೇ ಎನ್ನುವುದೂ ಅದಕ್ಕೆ ಗೊತ್ತಿರುತ್ತದೆ. ಹೊರಗಿನಿಂದ ಹಾಕಿಸಿದ ಯಾವ ಡಬ್ಬಿಯೂ ಅಷ್ಟು ನಯವಾಗಿ ಹಿಡಿಯುವುದಿಲ್ಲ. ಹಳೆಯ ಟ್ರಕ್ ಕೊಳ್ಳುವಾಗಲೂ ಸ್ಟಿಯರಿಂಗ್ ಪಕ್ಕ ಆ ಗುಂಡಿ, ಕೈಹಿಡಿ ಇದೆಯೇ ಎಂದು ನೋಡಿ.

ಕೈಯಿಂದ ಹಿಡಿಯುವ ಬ್ರೇಕ್ ಎಲ್ಲಿದೆ?

ಹೋಲಿಕೆ ಪಟ್ಟಿಗಳಲ್ಲಿ ಪರದೆಯ ಬಣ್ಣಕ್ಕೆ ಒಂದು ಸಾಲು ಇರುತ್ತದೆ, ಮ್ಯಾನ್ಯುಯಲ್ ಲಿವರ್ ಕೈಗೆ ಹೇಗೆ ಸಿಗುತ್ತದೆ ಎನ್ನುವುದಕ್ಕೆ ಇರುವುದೇ ಇಲ್ಲ. ನನ್ನ ಪ್ರಕಾರ ಟೈಮರ್, ಸೆನ್ಸರ್ ವಿಷಯದ ನಂತರ ನೋಡಬೇಕಾದ್ದು ಇದನ್ನೇ.

ಹೆದ್ದಾರಿಯಲ್ಲಿ ದೊಡ್ಡ ಟ್ರಕ್ ಪಕ್ಕದಲ್ಲಿ ರೊಯ್ಯನೆ ಹೋದಾಗ, ಅಥವಾ ಅಡ್ಡಗಾಳಿ ಬೀಸಿದಾಗ, ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ. ಎಡಕ್ಕೆ, ಬಲಕ್ಕೆ, ಮತ್ತೆ ಇನ್ನೂ ಜೋರಾಗಿ ಎಡಕ್ಕೆ. ಆಗ ಕಾರಿನ ಬ್ರೇಕ್ ಜೋರಾಗಿ ಒತ್ತಿದರೆ ಮುಂದಿನ ಗಾಡಿ ನಿಧಾನವಾಗಿ ಹಿಂದಿನದು ಅದರ ಮೇಲೆ ಮಡಚಿಕೊಳ್ಳುತ್ತದೆ. ಮಾಡಬೇಕಾದ್ದು ಇಷ್ಟು: ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಿಡಿಯಬೇಕು. ಹಿಂದಿನದು ಎಳೆದುಕೊಂಡು ನೇರಕ್ಕೆ ಬರುತ್ತದೆ. ಇದಕ್ಕೆ ಸಿಗುವ ಸಮಯ ಒಂದೆರಡು ಸೆಕೆಂಡ್. ರಸ್ತೆಯಿಂದ ಕಣ್ಣು ತೆಗೆಯದೆ ಬೆರಳಿಗೆ ಲಿವರ್ ಸಿಗಬೇಕು. ಫೋನಿನ ಪರದೆಯಲ್ಲಿ ಗುಂಡಿ ಹುಡುಕುವ ಸಮಯ ಅದಲ್ಲ. ಎಕೋಗಿಂತ ಆರ್‌ಎಫ್ ಮೇಲು ಎಂದದ್ದು ಇದಕ್ಕೇ.

ಹಾಕಿಸುವಾಗ ಮೆಕ್ಯಾನಿಕ್‌ಗೆ ಜಾಗ ಬಿಟ್ಟುಕೊಡಬೇಡಿ. ಸೀಟಿನಲ್ಲಿ ನೀವೇ ಕೂತು, ಬೆಲ್ಟ್ ಹಾಕಿಕೊಂಡು, ಕೈ ಚಾಚಿ ತೋರಿಸಿ. ಮನೆಯಲ್ಲಿ ಇನ್ನೊಬ್ಬರೂ ಓಡಿಸುವುದಾದರೆ ಅವರನ್ನೂ ಕೂರಿಸಿ. ನನ್ನ ಸ್ನೇಹಿತರೊಬ್ಬರ ಕಾರಿನಲ್ಲಿ ಅಂಗಡಿಯವರು ಅದನ್ನು ಎಡಗಡೆ ಬಾಗಿಲ ಪಕ್ಕ ಮೊಣಕಾಲಿನ ಕೆಳಗೆ ಹಾಕಿಕೊಟ್ಟಿದ್ದರು. ಬಗ್ಗದೆ ಮುಟ್ಟಲು ಆಗುತ್ತಿರಲಿಲ್ಲ. ಎರಡು ಸ್ಕ್ರೂ ಬಿಚ್ಚಿ ಬಲಗಡೆಗೆ ತರುವುದು ಹತ್ತು ನಿಮಿಷದ ಕೆಲಸ.

ಹೊಂದಿಸುವುದು

ಎಷ್ಟು ಒಳ್ಳೆಯ ಕಂಟ್ರೋಲರ್ ತಂದರೂ ಗೇನ್ ಸರಿಯಿಲ್ಲದಿದ್ದರೆ ದುಡ್ಡು ದಂಡ. ಟ್ರೇಲರ್ ಕಟ್ಟಿ, ಸಾಮಾನು ತುಂಬಿಕೊಂಡು, ಖಾಲಿ ಇರುವ ಒಣಗಿದ ಸಮತಟ್ಟಾದ ಜಾಗಕ್ಕೆ ಹೋಗಿ. ಪ್ಲಗ್ ಸಿಕ್ಕಿಸಿದ ಕೂಡಲೇ ಪ್ರಾಡಿಜಿಯಲ್ಲಿ ಟ್ರೇಲರ್ ಸಿಕ್ಕಿದೆ ಎಂದು ಪರದೆಯಲ್ಲಿ ಗುರುತು ಬರುತ್ತದೆ. ಬರದಿದ್ದರೆ ಪ್ಲಗ್ಗಿನೊಳಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಮೊದಲು ಕೆಲವು ಸಲ ಬ್ರೇಕ್ ಹಾಕಿ ಡ್ರಮ್ ಸ್ವಲ್ಪ ಬಿಸಿಯಾಗಲಿ. ತಣ್ಣಗಿರುವಾಗ ಹೊಂದಿಸಿದ್ದು ಆಮೇಲೆ ಬದಲಾಗುತ್ತದೆ.

ಗಂಟೆಗೆ 25 ಮೈಲಿಯಲ್ಲಿ ನೇರ ಹೋಗುತ್ತಾ, ಪೆಡಲ್ ಮುಟ್ಟದೆ, ಲಿವರನ್ನು ಪೂರ್ತಿ ಎಳೆಯಿರಿ. ಗೇನ್ ಕಡಿಮೆಯಿದ್ದರೆ ಯಾರೋ ಹಿಂದಿನಿಂದ ಸೆರಗು ಹಿಡಿದಷ್ಟೇ ಅನಿಸುತ್ತದೆ. ಸ್ವಲ್ಪ ಏರಿಸಿ ಮತ್ತೆ ಎಳೆಯಿರಿ. ಹೀಗೆ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಟ್ರೇಲರಿನ ಟೈರ್ ತಿರುಗುವುದನ್ನು ನಿಲ್ಲಿಸಿ ಕಿರ್ರೆಂದು ಜಾರುತ್ತದೆ. ಕಿಟಕಿ ಇಳಿಸಿದ್ದರೆ ಸದ್ದು ಕೇಳುತ್ತದೆ, ಹೊರಗೆ ಒಬ್ಬರನ್ನು ನಿಲ್ಲಿಸಿದ್ದರೆ ಇನ್ನೂ ಒಳ್ಳೆಯದು. ಅಲ್ಲಿಂದ ಒಂದು ಹಂತ ಕೆಳಗೆ ಇಳಿಸಿ. ಚಕ್ರ ಜಾರದೆ ಹಿಡಿಯುವ ಗರಿಷ್ಠ ಮಟ್ಟ ಅದು. ತೂಕ ಬದಲಾದರೆ ಮತ್ತೆ ನೋಡಬೇಕು. ನೀರಿನ ಟ್ಯಾಂಕ್ ತುಂಬಿಸಿಕೊಂಡು ಹೊರಟ ದಿನ, ಖಾಲಿ ಮಾಡಿ ವಾಪಸ್ ಬರುವ ದಿನ ಒಂದೇ ಗೇನ್ ಆಗುವುದಿಲ್ಲ. ಮಳೆಯಲ್ಲಿ ಸ್ವಲ್ಪ ಇಳಿಸಿ. ಬೂಸ್ಟ್ ಎನ್ನುವ ಇನ್ನೊಂದು ಗುಂಡಿ ಪೆಡಲ್ ಒತ್ತಿದ ಮೊದಲ ಕ್ಷಣದಲ್ಲಿ ಎಷ್ಟು ಹಿಡಿಯಬೇಕು ಎಂದು ಹೇಳುತ್ತದೆ. ಟ್ರೇಲರ್ ಕಾರಿಗಿಂತ ಭಾರವಿದ್ದರೆ ಅದು ಉಪಯೋಗಕ್ಕೆ ಬರುತ್ತದೆ.

ಗೇನ್ ಪೂರ್ತಿ ಏರಿಸಿದರೂ ಹಿಡಿತ ಸಾಲದಿದ್ದರೆ ಹೊಸ ಕಂಟ್ರೋಲರಿಗೆ ಓಡಬೇಡಿ. ಟ್ರೇಲರಿನ ಬ್ರೇಕ್ ಶೂಗಳು ಸಡಿಲಾಗಿರಬಹುದು. ಹೊಸ ಟ್ರೇಲರ್ ಆದರೆ ಮೊದಲ 200 ಮೈಲಿ ಆದ ಮೇಲೆ, ಆಮೇಲೆ ಪ್ರತಿ 3,000 ಮೈಲಿಗೆ ಹೊಂದಿಸಬೇಕು ಎಂದು ಆ್ಯಕ್ಸಲ್ ತಯಾರಿಸುವ ಡೆಕ್ಸ್‌ಟರ್ ಹೇಳುತ್ತದೆ. ತಾನೇ ಹೊಂದಿಕೊಳ್ಳುವ ಶೂಗಳಿದ್ದರೆ ಈ ಕೆಲಸ ಇಲ್ಲ. ಇನ್ನು ಟ್ರೇಲರಿನ ಮುಂಭಾಗದಲ್ಲಿ ತೂಗುವ ತೆಳು ತಂತಿಯನ್ನು ಮರೆಯಬೇಡಿ. ಹಿಚ್ ಕಳಚಿಕೊಂಡರೆ ಆ ತಂತಿ ಪಿನ್ನನ್ನು ಕಿತ್ತು, ಟ್ರೇಲರಿನದೇ ಬ್ಯಾಟರಿಯಿಂದ ಬ್ರೇಕ್ ಹಿಡಿಸುತ್ತದೆ. ಕಂಟ್ರೋಲರಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಸೇಫ್ಟಿ ಚೈನಿಗೆ ಸುತ್ತಬೇಡಿ, ಕಾರಿನ ಗಟ್ಟಿ ಭಾಗಕ್ಕೇ ಸಿಕ್ಕಿಸಿ. ಹೊರಡುವ ಮೊದಲು ಒಮ್ಮೆ ಪಿನ್ ಎಳೆದು, ಗಾಡಿಯನ್ನು ಒಂದಡಿ ಮುಂದಕ್ಕೆ ತಂದು, ಟ್ರೇಲರಿನ ಚಕ್ರ ಹಿಡಿದಿದೆಯೇ ನೋಡಿ, ಪಿನ್ ವಾಪಸ್ ಹಾಕಿ.